ಉಸಿರು ಕದಿಯುವ ಜಾಗ

ಹಂಚಿನ ಮೇಲೆ ರೊಟ್ಟಿ ಹಾಕಿ ಇನ್ನೇನು ನೀರು ಸವರಬೇಕು, ಅಷ್ಟರಲ್ಲಿ ಮೊಮ್ಮಗಳು ಸೃಷ್ಟಿ ಇಂಗ್ಲಿಷ್ ಪೇಪರು ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಮುಖ ಊದಿತ್ತು. ಒಂದು ಕಾಮಾ ಹೆಚ್ಚಿಗೆ ಹಾಕಿದ್ದಕ್ಕೆ ಟೀಚರು ಅರ್ಧ ಮಾರ್ಕು ಹೊಡೆದಿದ್ದರಂತೆ. ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಇಂಗ್ಲಿಷಿನಲ್ಲಿ ನನಗೆ ಗುರುತು ಸಿಗುವುದು ಬಸ್ಸಿನ ಬೋರ್ಡು ಮತ್ತು ಗುಳಿಗೆಯ ಹಾಳೆಯ ಬಣ್ಣ, ಅಷ್ಟೇ. ಅವಳ ಅಪ್ಪ, ಅಂದರೆ ನನ್ನ ಮಗ, ಬೈಲಹೊಂಗಲದ ಪೇಟೆಯಲ್ಲಿ ಖಾರ ಬೀಸುವ ಗಿರಣಿ ಇಟ್ಟಿದ್ದಾನೆ. ಅವಳ ಅವ್ವ ನರ್ಸು. ಇಬ್ಬರೂ ಮನೆಯಲ್ಲಿರಲಿಲ್ಲ. ಹೀಗಾಗಿ ಆ ಅಳು ನನ್ನ ಪಾಲಿಗೆ ಬಂತು.

“ಓದ ನೋಡೋಣು, ಅಂಥಾದ್ದೇನ ಬರದಿ.”

“ಎ ಡರ್ಟಿ, ನಾಯ್ಸಿ, ಸ್ಕೂಲ್ ಬಸ್.”

“ಕನ್ನಡದಾಗ ಹೇಳ.”

“ಹೊಲಸಾದ, ಗದ್ದಲದ, ಸಾಲಿ ಬಸ್ಸು. ಗುಣ ಹೇಳೂ ಶಬ್ದ ಸಾಲಾಗಿ ಬಂದ್ರ ನಡುವ ಕಾಮಾ ಹಾಕ್ರಿ ಅಂತ ಟೀಚರ್ ಅವ್ರೇ ಹೇಳಿದ್ರು, ಅಜ್ಜಿ. ಮೂರು ಬಂದಾವಂತ ನಾ ಎರಡು ಕಾಮಾ ಹಾಕಿದೆ. ಎರಡನೇದು ತಪ್ಪಂತ.”

“ಯಾಕಂತ?”

“ಅದಕ್ಕೊಂದು ರೂಲ್ ಐತಿ. ಎರಡು ಶಬ್ದ ಹಿಂದ ಮುಂದ ಮಾಡಿ ನೋಡಬೇಕಂತ. ನಡುವ ‘ಮತ್ತ’ ಹಾಕಿ ನೋಡಬೇಕಂತ. ಹೊಂದಿದ್ರ ಕಾಮಾ, ಇಲ್ಲಾಂದ್ರ ಇಲ್ಲ. ಹೊಲಸಾದ ಮತ್ತ ಗದ್ದಲದ ಬಸ್ಸು, ನಡೀತೈತಿ. ಗದ್ದಲದ ಮತ್ತ ಸಾಲಿ ಬಸ್ಸು, ನಡಿಯಂಗಿಲ್ಲ. ಸಾಲಿ ಅನ್ನೂದು ಬಸ್ಸಿಗೆ ಅಂಟಿಕೊಂಡತಿ.”

ನೀರು ಸವರುವ ಅರಿವೆ ನನ್ನ ಕೈಯಿಂದ ಜಾರಿ ಬಿತ್ತು. ಹಿಂದೆ ಮುಂದೆ ಮಾಡಿ ನೋಡು, ನಡುವೆ ‘ಮತ್ತ’ ಹಾಕಿ ನೋಡು. ಈ ರೂಲು ನನಗೆ ಗೊತ್ತಿತ್ತು. ಸೃಷ್ಟಿಗಿಂತ ಸಣ್ಣವಳಿದ್ದಾಗ ದೊಡವಾಡದ ಮನೆಯ ಮಾಳಿಗೆಯ ಮೇಲೆ, ಒಣಹಾಕಿದ ಮೆಣಸಿನಕಾಯಿಯ ನಡುವೆ ಕುಳಿತು, ನಾನೂ ನಮ್ಮ ನೀಲವ್ವ ಕಾಕಿಯೂ ಇದನ್ನು ಹುಡುಕಿದ್ದೆವು. ಕಾಮಾ ಎನ್ನುವ ಹೆಸರು ನಮಗೆ ಗೊತ್ತಿರಲಿಲ್ಲ. ನಾವು ಅದಕ್ಕೆ ಉಸಿರು ಕದಿಯುವ ಜಾಗ ಎನ್ನುತ್ತಿದ್ದೆವು. ಇಂಗ್ಲಿಷಿನವರೂ ಅದೇ ಜಾಗದಲ್ಲಿ ನಿಲ್ಲುತ್ತಾರೆ ಎಂದು ತಿಳಿದಾಗ ಆದ ಹಿಗ್ಗು ಎಂಥದ್ದೆಂದರೆ, ರೊಟ್ಟಿ ಹೊತ್ತಿ ಹೊಗೆ ಎದ್ದದ್ದೂ ನನ್ನ ಕಣ್ಣಿಗೆ ಬೀಳಲಿಲ್ಲ. ಒಲೆ ಆರಿಸಿ, ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಲು ಶುರು ಮಾಡಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ದೊಡವಾಡದಲ್ಲಿ ನಮ್ಮದನ್ನು ಖಾರದವರ ಮನೆ ಎನ್ನುತ್ತಿದ್ದರು. ಸವದತ್ತಿ, ಕಿತ್ತೂರು ಕಡೆಯ ಮದುವೆ ಮನೆಗಳಿಗೂ ನಮ್ಮಲ್ಲೇ ಕುಟ್ಟಿದ ಖಾರ ಹೋಗುತ್ತಿತ್ತು. ತಲಬಾಗಿಲು ದಾಟಿದರೆ ಎಡಕ್ಕೆ ಎತ್ತು ಕಟ್ಟುವ ಗ್ವಾದಲಿ, ಬಲಕ್ಕೆ ಎತ್ತರದ ಪಡಸಾಲೆ. ಬೇರೆಯವರ ಪಡಸಾಲೆಯಲ್ಲಿ ಬಂದವರು ಕೂರುತ್ತಾರೆ. ನಮ್ಮ ಪಡಸಾಲೆಯ ನಡುಮಧ್ಯೆ ನೆಲದಲ್ಲಿ ಹೂತ ದೊಡ್ಡ ಒಳಕಲ್ಲು ಇತ್ತು. ಅದರ ಸುತ್ತ ನಿಂತು ಹೆಂಗಸರು ಒನಕೆ ಎತ್ತಿ ಹಾಕುತ್ತಿದ್ದರು. ಬಂದವರು ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದರು, ಯಾಕೆಂದರೆ ಒಳಗೆ ಬಂದವರು ಸೀನುತ್ತಿದ್ದರು. ಗೋಡೆ, ತೊಲೆ, ದೇವರ ಜಗಲಿ, ಎತ್ತಿನ ಕೋಡು, ಎಲ್ಲದರ ಮೇಲೂ ಒಂದು ಕೆಂಪು ಪುಡಿ. ಹಾಸಿಗೆ ಝಾಡಿಸಿದರೆ ಕೆಮ್ಮು, ಬಾಗಿಲು ಜೋರಾಗಿ ಹಾಕಿದರೆ ಕೆಮ್ಮು. ನಮ್ಮ ಮನೆಗೆ ಊಟಕ್ಕೆ ಬರಲು ಹೆದರುವವರಿದ್ದರು, ಅದು ಮಾತ್ರ ಅವರ ಮೂರ್ಖತನ. ನಮ್ಮ ಪಲ್ಯಗಳು ಸಪ್ಪೆ. ದಿನವಿಡೀ ಮೂಗಿನಿಂದ ಖಾರ ತಿಂದವರಿಗೆ ನಾಲಿಗೆಗೂ ಅದು ಬೇಕಾಗುವುದಿಲ್ಲ. ರೊಟ್ಟಿ, ಮೊಸರು, ಬೆಲ್ಲ ಹಾಕಿದ ಬೇಳೆಯ ಸಾರು, ಇದೇ ನಮ್ಮ ಊಟ. ಅಜ್ಜನಂತೂ ಹಸಿಮೆಣಸಿನಕಾಯಿ ಕಂಡರೆ ತಟ್ಟೆ ಆ ಕಡೆ ಸರಿಸುತ್ತಿದ್ದ.

ಮನೆಯ ಆಡಳಿತ ನಮ್ಮ ಆಯಿಯದು, ಅಂದರೆ ಅಪ್ಪನ ಅವ್ವನದು. ಅಜ್ಜ ಬದುಕಿದ್ದ, ಕಟ್ಟೆಯ ಮೇಲಿದ್ದ, ಮಾತು ಆಯಿಯದಿತ್ತು. ಆಯಿಗೆ ಇಬ್ಬರು ಗಂಡುಮಕ್ಕಳು, ನಮ್ಮಪ್ಪ ಮತ್ತು ಗುರಪ್ಪ ಕಾಕಾ. ಸಣ್ಣ ಮಗನಿಗೆ ಆಯಿಯ ಮಾವನ ಹೆಸರಿಟ್ಟಿದ್ದರು. ಗಂಡನ ಹೆಸರು, ಮಾವನ ಹೆಸರು ಹೆಣ್ಣುಮಕ್ಕಳು ಬಾಯಲ್ಲಿ ಹಿಡಿಯುವಂತಿಲ್ಲವಲ್ಲ, ಹಾಗಾಗಿ ಹೆತ್ತ ಮಗನನ್ನು ಆಯಿ ಜೀವಮಾನದಲ್ಲಿ ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. ‘ಸಣ್ಣಾ’ ಎನ್ನುತ್ತಿದ್ದಳು. ಅದೇ ಹೆಸರಿನ ಕಿರಾಣಿ ಅಂಗಡಿಯವ ಒಬ್ಬನಿದ್ದ, ಅವನು ‘ಎಣ್ಣಿಯಾಂವ’. ಗುರುವಾರಕ್ಕೆ ಬೇಸ್ತವಾರ ಎನ್ನುವ ಇನ್ನೊಂದು ಮಾತು ಇರದಿದ್ದರೆ ನಮ್ಮ ಆಯಿಯ ವಾರದಲ್ಲಿ ಒಂದು ದಿನ ಕಡಿಮೆ ಬೀಳುತ್ತಿತ್ತು.

ಹೆಸರು ಹೇಳದ ಹೆಂಗಸರಿಗೆ ಹೆಸರು ಹೇಳಲು ಇದ್ದ ಒಂದೇ ದಾರಿ ಒಡಪು. ಮದುವೆಯಲ್ಲಿ, ಬಸುರಿಗೆ ಹಸಿರು ಬಳೆ ಇಡಿಸಿ ಕುಬಸ ಮಾಡುವಾಗ, ಎಲ್ಲರೂ ಸುತ್ತ ಕೂತು ‘ಹೆಸರು ಹೇಳವ’ ಎಂದು ಕಾಡುತ್ತಾರೆ. ಅವಳು ಪ್ರಾಸ ಹಚ್ಚಿ ಹೊಗಳುತ್ತ ಹೊಗಳುತ್ತ ಕೊನೆಗೆ ಗಂಡನ ಹೆಸರು ಹೇಳುತ್ತಾಳೆ. ನಮ್ಮ ಸೀಮೆಯ ಎಲ್ಲ ಮನೆಗಳಲ್ಲೂ ಇದು ಉಂಟು. ನಮ್ಮ ಮನೆಯಲ್ಲಿ ಅದಕ್ಕೊಂದು ಹೆಚ್ಚಿನ ಕಟ್ಟಳೆ ಇತ್ತು. ಒಡಪನ್ನು ಒಂದೇ ಉಸಿರಿನಲ್ಲಿ ಹೇಳಬೇಕು. ನಡುವೆ ಉಸಿರು ತೆಗೆದುಕೊಂಡರೆ ಕೂತವರು ‘ಮುರೀತು’ ಎಂದು ಕೂಗುತ್ತಿದ್ದರು, ಮತ್ತೆ ಮೊದಲಿನಿಂದ ಹೇಳಬೇಕಿತ್ತು. ಖಾರ ಕುಟ್ಟುವ ಮನೆಗೆ ಗಟ್ಟಿ ಎದೆಯ ಹೆಣ್ಣು ಬೇಕು, ಎದೆ ಗಟ್ಟಿ ಇದೆಯೋ ಇಲ್ಲವೋ ಒಡಪಿನಲ್ಲಿ ತಿಳಿಯುತ್ತದೆ ಎಂದು ಹಿಂದಿನವರು ಮಾಡಿದ್ದಂತೆ. ನಮ್ಮ ಅವ್ವ ತನ್ನ ಒಡಪನ್ನು ಒಂದೇ ಉಸಿರಿಗೆ ಹೇಳಿ, ಉಳಿದ ಉಸಿರಿನಲ್ಲಿ ನಕ್ಕಿದ್ದಳಂತೆ. ಆಯಿಗೂ ಅವ್ವನಿಗೂ ಜಗಳವಾದಾಗಲೆಲ್ಲ ಅವ್ವ ಈ ನಗೆಯನ್ನು ನೆನಪಿಸುತ್ತಿದ್ದಳು, ಆಯಿ ಸುಮ್ಮನಾಗುತ್ತಿದ್ದಳು.

ಗುರಪ್ಪ ಕಾಕಾನ ಹೆಂಡತಿ ನೀಲವ್ವ ಕಾಕಿ ರಾಮದುರ್ಗದವಳು. ಹೊಳೆಯ ದಂಡೆಯ ಮನೆಯಲ್ಲಿ ಬೆಳೆದವಳು. ತೆಳ್ಳಗಿದ್ದಳು, ಹಟಮಾರಿ, ಹಾಸ್ಯ ಮಾಡಿದರೆ ಮುಖ ಮಾತ್ರ ನಗುತ್ತಿರಲಿಲ್ಲ. ಮದುವೆಯ ದಿನ ನಮ್ಮ ಬಾಗಿಲಲ್ಲಿ ಒಡಪು ಹೇಳು ಎಂದಾಗ ಅವಳ ತಾಯಿ ಮುಂದೆ ಬಂದು, ಹುಡುಗಿಗೆ ನೆಗಡಿಯಾಗಿ ಗಂಟಲು ಕಟ್ಟಿದೆ ಎಂದು ತಪ್ಪಿಸಿದಳು.

“ಕಟ್ಟಿದ ಗಂಟಲ ಎಂದಾರ ಒಂದ ದಿನ ಬಿಚ್ಚತೈತಿ. ಕುಬಸದಾಗ ಕೇಳ್ತೇನಿ, ಬಿಡೂದಿಲ್ಲ,” ಎಂದು ಆಯಿ ಬಾಗಿಲು ಬಿಟ್ಟಳು.

ಕಾಕಿಗೆ ನೆಗಡಿ ಆಗಿರಲಿಲ್ಲ, ದಮ್ಮಿತ್ತು. ಇದು ನನಗೆ ತಿಳಿದದ್ದು ಒಂದು ಮಧ್ಯಾಹ್ನ ಹಿತ್ತಲಿನಲ್ಲಿ. ಕೋಳಿ ಮೊಟ್ಟೆ ಎಲ್ಲಿಟ್ಟಿದೆ ಎಂದು ಹುಡುಕುತ್ತ ಕಣಕಿಯ ಬಣವೆಯ ಹಿಂದೆ ಹೋದರೆ, ಕಾಕಿ ಮೊಣಕಾಲ ಮೇಲೆ ಕೈ ಊರಿ ಬಾಗಿ ಕೂತಿದ್ದಳು. ಎದೆಯೊಳಗೆ ಪೀಪಿ ಊದಿದ ಹಾಗೆ ಸಪ್ಪಳ ಬರುತ್ತಿತ್ತು. ನನಗೆ ಹೆದರಿಕೆ ಆಗಲಿಲ್ಲ, ಬಹಳ ಚೆಂದ ಕಂಡಿತು. ಹತ್ತಿರ ಹೋಗಿ ಕಿವಿ ಇಟ್ಟು ಕೇಳಿದೆ.

“ಕಾಕಿ, ನಿನ್ನ ಎದ್ಯಾಗ ಏನೈತಿ?”

ಅವಳು ಉಸಿರು ಸಿಕ್ಕ ಮೇಲೆ ನನ್ನ ಜಡೆ ಹಿಡಿದು ಎಳೆದಳು, ಪ್ರೀತಿಯಿಂದೇನೂ ಅಲ್ಲ.

“ಗಂಗೂ, ಇದನ್ನ ನಿಮ್ಮ ಆಯಿ ಮುಂದ ಹೇಳಿದಿ ಅಂದ್ರ, ನನ್ನ ರಾಮದುರ್ಗಕ್ಕ ತಿರುಗಿ ಕಳಿಸ್ತಾರ. ಮ್ಯಾಲೆ ಇನ್ನೊಬ್ಬಾಕಿ ಬರ್ತಾಳ. ಆಕಿ ನಿನಗ ಜಡಿ ಹಾಕಾಕಿ ಅಲ್ಲ ಮತ್ತ.”

“ಕಾಕಾಗ ಗೊತ್ತೈತೇನು?”

“ಗೊತ್ತೈತಿ. ಗೊತ್ತಿದ್ದು ಏನ ಮಾಡ್ತಾರ, ನಕ್ಕೋತ ಕುಂತಾರ.”

ತಿರುಗಿ ಕಳಿಸುವುದು ಬರೀ ಬೆದರಿಕೆಯ ಮಾತಾಗಿರಲಿಲ್ಲ. ನಮ್ಮ ಓಣಿಯಲ್ಲೇ ಮೂರ್ಛೆ ಬರುವ ಸೊಸೆಯೊಬ್ಬಳನ್ನು ಬಸ್ಸು ಹತ್ತಿಸಿ ಕಳಿಸಿದ್ದನ್ನು ನಾನು ಕಟ್ಟೆಯ ಮೇಲೆ ನಿಂತು ನೋಡಿದ್ದೆ. ಅವಳ ಟ್ರಂಕನ್ನು ಅವಳ ಕೈಯಲ್ಲೇ ಹೊರಿಸಿದ್ದರು. ನಮ್ಮ ಮನೆಯ ಒಂದು ಅನುಕೂಲವೆಂದರೆ ಅಲ್ಲಿ ಎಲ್ಲರೂ ಕೆಮ್ಮುತ್ತಿದ್ದರು. ಕಾಕಿಯ ಕೆಮ್ಮು ಆ ಕೆಮ್ಮುಗಳ ನಡುವೆ ಅಡಗಿತ್ತು. ಒನಕೆ ಎತ್ತುವಾಗ ಏದುಸಿರು ಬಂದರೆ ಸೆರಗಿನಿಂದ ಮೂಗು ಕಟ್ಟಿಕೊಂಡು, ದನಕ್ಕೆ ನೀರಿಡುತ್ತೇನೆಂದು ಹಿತ್ತಲಿಗೆ ಹೋಗುತ್ತಿದ್ದಳು. ಅಡಗಿಸಲು ಆಗದ ಜಾಗ ಒಂದೇ, ಒಡಪು. ಅವಳಿಗೆ ಹೊಟ್ಟೆ ಕಾಣಿಸತೊಡಗಿತು, ಮನೆಯವರೆಲ್ಲ ಹಿಗ್ಗಿದರು. ಕಾಕಿಯ ಮುಖ ಮಾತ್ರ ದಿನದಿನಕ್ಕೆ ಸಣ್ಣದಾಯಿತು. ಹೊಟ್ಟೆ ಬೆಳೆದಂತೆ ಉಸಿರು ಇನ್ನೂ ಗಿಡ್ಡ ಆಗುತ್ತಿತ್ತು.

ಮೆಣಸಿನಕಾಯಿ ಒಣಗಿಸುವ ಕಾಲ ಬಂತು. ಮಣ್ಣಿನ ಮಾಳಿಗೆ ತುಂಬ ಬ್ಯಾಡಗಿ ಕಾಯಿ ಹರವಿದ್ದರು, ಕಾಲಿಡಲು ಒಂದು ಸಣ್ಣ ಹಾದಿ ಮಾತ್ರ. ಬಸುರಿಗೆ ಒನಕೆ ಬೇಡ ಎಂದು ಕಾಯಿ ತಿರುವಿ ಹಾಕುವ ಕೆಲಸ ಕಾಕಿಗೆ ಕೊಟ್ಟರು, ಜತೆಗೆ ನಾನು. ಅಲ್ಲಿ ಗಾಳಿ ಇತ್ತು, ಕೆಳಗಿನವರಿಗೆ ನಮ್ಮ ಮಾತು ಕೇಳುತ್ತಿರಲಿಲ್ಲ. ಒಡಪು ಕಟ್ಟಿದ್ದು ಅಲ್ಲಿಯೇ. ಕಾಕಿ ರಾಮದುರ್ಗದಿಂದ ತಂದ ಹಳೆಯ ಒಡಪುಗಳಲ್ಲಿ ಕೈಲಾಸ, ಮುತ್ತು, ಮಾಣಿಕ ಇದ್ದವು. ನನಗೆ ಅವು ಸೇರಲಿಲ್ಲ. ಕಣ್ಣಿಗೆ ಕಂಡದ್ದು ಹಾಕೋಣ ಎಂದೆ. ಸುತ್ತಲೂ ಕಂಡದ್ದು ಮೆಣಸಿನಕಾಯಿ, ಕೆಳಗಿನಿಂದ ಕೇಳುತ್ತಿದ್ದದ್ದು ಆಯಿಯ ಬಾಯಿ. ಪ್ರಾಸ ತಾನಾಗಿ ಬಂತು.

ಉದ್ದಾದ ಕೆಂಪಾದ ಬ್ಯಾಡಗಿ ಮೆಣಸಿನಕಾಯಿ,
ಬಿಸಿಯಾದ ಬಿರುಸಾದ ನಮ್ಮತ್ತಿ ಬಾಯಿ,
ಎರಡೂ ತಡಕೊಂಡು ನಗತಾರ ನೋಡ,
ಎತ್ತರದ ಮೆತ್ತನ್ನ ಗುರಪ್ಪ.

“ಅತ್ತಿ ಬಾಯಿ ಸುದ್ದಿ ಬ್ಯಾಡ. ನನ್ನ ಬಾಯಾಗ ಕೊಳ್ಳಿ ಇಡತಾರ,” ಎಂದಳು ಕಾಕಿ.

“ಇಡೂದಿಲ್ಲ. ಆಯಿಗೆ ಖಾರ ಅಂದ್ರ ಸಿಟ್ಟು ಬರೂದಿಲ್ಲ, ಸಪ್ಪಗ ಅಂದ್ರ ಬರತೈತಿ.”

ಕಾಕಿ ಒಪ್ಪಿದಳು. ಆದರೆ ಹೇಳಲು ಹೋದರೆ ಎರಡನೆಯ ಸಾಲಿಗೇ ಉಸಿರು ಮುಗಿಯುತ್ತಿತ್ತು. ಒಂದೇ ಉಸಿರಿನಲ್ಲಿ ಆಗುವುದಿಲ್ಲ ಎನ್ನುವುದು ಖಾತ್ರಿಯಾದ ಮೇಲೆ ನಾವು ಬೇರೆ ದಾರಿ ಹಿಡಿದೆವು. ನಡುವೆ ಉಸಿರು ಕದಿಯಬೇಕು, ಕದ್ದದ್ದು ಗೊತ್ತಾಗಬಾರದು. ನಾನು ಕಣ್ಣು ಮುಚ್ಚಿ ಅವಳಿಗೆ ಬೆನ್ನು ಹಾಕಿ ಕೂರುವುದು, ಅವಳು ಬೇರೆ ಬೇರೆ ಜಾಗದಲ್ಲಿ ಉಸಿರು ತೆಗೆದುಕೊಳ್ಳುವುದು, ಸಿಕ್ಕಿಬಿದ್ದರೆ ನಾನು ‘ಮುರೀತು’ ಎನ್ನುವುದು. ಸಾಲಿನ ತುದಿಗೆ ನಿಂತರೆ ಕೂಡಲೇ ಸಿಕ್ಕಿಬೀಳುತ್ತಿದ್ದಳು, ಕೂತವರೆಲ್ಲ ಅಲ್ಲೇ ಕಾದಿರುತ್ತಾರೆ. ‘ಬ್ಯಾಡಗಿ’ ಎಂದು ನಿಂತು ‘ಮೆಣಸಿನಕಾಯಿ’ ಎಂದರೆ ಮೆಟ್ಟಿಲು ತಪ್ಪಿ ಬಿದ್ದ ಹಾಗೆ ಕೇಳುತ್ತಿತ್ತು. ‘ಕೆಂಪಾದ’ ಎಂದು ನಿಂತು ‘ಬ್ಯಾಡಗಿ’ ಎಂದರೂ ಹಾಗೆಯೇ. ಆದರೆ ‘ಉದ್ದಾದ’ ಎಂದು ನಿಂತು ‘ಕೆಂಪಾದ’ ಎಂದಾಗ ನನಗೆ ತಿಳಿಯಲೇ ಇಲ್ಲ. ಕಾಯಿಯನ್ನು ಎತ್ತಿ ಹಿಡಿದು ಇದರ ಉದ್ದ ನೋಡಿರಿ, ಇದರ ಕೆಂಪು ನೋಡಿರಿ ಎಂದು ಒಂದೊಂದಾಗಿ ತೋರಿಸಿದ ಹಾಗೆ ಕೇಳಿತು. ನಿಂತದ್ದು ದಣಿವಿನಂತೆ ಕೇಳದೆ ಠೀವಿಯಂತೆ ಕೇಳಿತು.

“ಕಾಕಿ, ಎಲ್ಲಿ ತಗೊಂಡಿ ಉಸಿರು?”

“ಉದ್ದಾದ ಆದ ಮ್ಯಾಲೆ.”

“ಸುಳ್ಳ ಹೇಳಬ್ಯಾಡ.”

“ನಿಮ್ಮಪ್ಪನಾಣಿ.”

ನನಗೆ ಮೈಯೆಲ್ಲ ಜುಮ್ ಎಂದಿತು. ಅಲ್ಲಿ ನಡೆಯುತ್ತದೆ, ಇಲ್ಲಿ ಯಾಕೆ ನಡೆಯುವುದಿಲ್ಲ? ಕೈಯಲ್ಲಿದ್ದ ಕಾಯಿಗಳನ್ನು ಹಿಂದೆ ಮುಂದೆ ಮಾಡಿ ಇಡುತ್ತ ಶಬ್ದಗಳನ್ನೂ ಹಾಗೇ ಮಾಡಿ ನೋಡಿದೆ. ಕೆಂಪಾದ ಉದ್ದಾದ ಎಂದರೂ ಮಾತು ಕೆಡುವುದಿಲ್ಲ. ಉದ್ದಾದ ಮತ್ತ ಕೆಂಪಾದ ಎಂದರೂ ಕೆಡುವುದಿಲ್ಲ. ಅವೆರಡೂ ಓರಗಿತ್ತಿಯರು, ಯಾರು ಮುಂದೆ ಕೂತರೂ ಪಂಕ್ತಿ ಕೆಡುವುದಿಲ್ಲ, ಅವರ ನಡುವೆ ಒಂದು ಉಸಿರು ತೂರಿಸಬಹುದು. ‘ಬ್ಯಾಡಗಿ’ ಹಾಗಲ್ಲ. ಬ್ಯಾಡಗಿ ಕೆಂಪಾದ ಮೆಣಸಿನಕಾಯಿ ಎಂದರೆ ಸೀರೆಯ ಮೇಲೆ ರವಿಕೆ ತೊಟ್ಟ ಹಾಗೆ. ಅದು ಕಾಯಿಯ ಜತೆ ಒಂದೇ ತಟ್ಟೆಯಲ್ಲಿ ಉಣ್ಣುವಂಥದ್ದು. ಕಾಕಿಗೆ ಇದನ್ನು ಹೇಳಿದಾಗ ಅವಳು ಕಾಯಿ ತಿರುವುವುದನ್ನು ಬಿಟ್ಟು ಎದ್ದು ನಿಂತಳು. ಆಮೇಲೆ ನಮಗೆ ಹುಚ್ಚು ಹಿಡಿಯಿತು. ಕಂಡದ್ದಕ್ಕೆಲ್ಲ ಹಚ್ಚಿ ನೋಡಿದೆವು. ಮುದಿ, ಕುಂಟ ನಾಯಿ. ಸೊಕ್ಕಿನ, ಹಾಯುವ ಕಿಲಾರಿ ಹೋರಿ. ಬಡಬಡಿಕಿ, ಜಗಳಗಂಟಿ ಪಕ್ಕದ ಮನಿ ಕಲ್ಲವ್ವ. ಹೋರಿಯ ಮುಂದೆ ಕಿಲಾರಿ ಎನ್ನುವ ತಳಿ, ಕಲ್ಲವ್ವನ ಮುಂದೆ ಪಕ್ಕದ ಮನಿ, ಅಲ್ಲಿ ಉಸಿರಿಗೆ ಜಾಗವಿಲ್ಲ. ಉಳಿದ ಕಡೆ ಧಾರಾಳ. ನಗು ಕೇಳಿ ಕೆಳಗಿನಿಂದ ಆಯಿ ಕೂಗಿದಳು.

“ಏನ ನಡಸೀರಿ ಮ್ಯಾಲೆ? ಕಾಯಿ ಒಣಗಸಾಕತ್ತೀರೋ, ಹಲ್ಲ ಒಣಗಸಾಕತ್ತೀರೋ?”

ಹೀಗೆ ಒಡಪಿನಲ್ಲಿ ಮೂರು ಜಾಗ ಸಿಕ್ಕವು. ಉದ್ದಾದ, ಕೆಂಪಾದ. ಬಿಸಿಯಾದ, ಬಿರುಸಾದ. ಎತ್ತರದ, ಮೆತ್ತನ್ನ. ಕಾಕಿ ಅಷ್ಟೂ ಕಡೆ ಸಣ್ಣ ಸಣ್ಣ ಉಸಿರು ಕದ್ದು ಕೊನೆ ಮುಟ್ಟತೊಡಗಿದಳು. ಒಂದೇ ಒಂದು ಚಿಂತೆ ಉಳಿಯಿತು. ‘ಮೆತ್ತನ್ನ’ ಆದ ಮೇಲೆ ‘ಗುರಪ್ಪ’ ಎನ್ನುವವರೆಗೆ ನಡುವೆ ಜಾಗವಿಲ್ಲ. ಅಲ್ಲಿ ತಿರುಗಿಸಲು ಏನೂ ಇಲ್ಲ, ಹೆಸರು ಹೆಸರೇ. ಅಲ್ಲಿ ನಿಂತರೆ ಎಲ್ಲರಿಗೂ ಕೇಳುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಒಂದು ಹೆಸರಿಗಾಗುವಷ್ಟು ಉಸಿರು ಉಳಿಸಿಕೋ ಎಂದು ಕಾಕಿಗೆ ನಾನು ದಿನಾ ಹೇಳುತ್ತಿದ್ದೆ.

ಕುಬಸಕ್ಕೆ ಕಾಕಿಯ ತಾಯಿ ರಾಮದುರ್ಗದಿಂದ ಬುಟ್ಟಿ ಬುಟ್ಟಿ ಹೊತ್ತು ತಂದಳು. ಹೂರಣದ ಹೋಳಿಗೆ, ಕರಿಗಡಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಾದಲಿ, ಕೆನೆ ಮೊಸರು. ಪಡಸಾಲೆಯ ಒಳಕಲ್ಲಿನ ಮೇಲೆ ಚಾಪೆ ಮುಚ್ಚಿ, ಅದರ ಮುಂದೆ ಹಸಿರು ಸೀರೆಯ ಕಾಕಿಯನ್ನು ಮಣೆಯ ಮೇಲೆ ಕೂರಿಸಿದರು. ಹಿಂದಿನ ದಿನವಷ್ಟೇ ಖಾರ ಕುಟ್ಟಿದ್ದರು, ಗೋಡೆ ಇನ್ನೂ ಘಾಟು ಬಿಡುತ್ತಿತ್ತು. ಅದರ ಮೇಲೆ ಊದಿನಕಡ್ಡಿಯ ಹೊಗೆ. ಓಣಿಯ ಹೆಂಗಸರೆಲ್ಲ ಒತ್ತಿ ಕೂತರು. ಆಯಿ ಎದುರು ಬಾಗಿ ಕಾಕಿಯ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ತುಂಬುತ್ತಿದ್ದಳು. ಅವಳ ಕಿವಿ ಕಾಕಿಯ ಎದೆಗೆ ಒಂದು ಗೇಣು ದೂರ. ಇದನ್ನು ನಾವು ಮಾಳಿಗೆಯ ಮೇಲೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಾಕಿಯ ತಾಯಿ ಕಂಬಕ್ಕೆ ಒರಗಿ ನಿಂತು ಸೆರಗಿನ ತುದಿ ತಿನ್ನುತ್ತಿದ್ದಳು. ಕಲ್ಲವ್ವ ಶುರು ಮಾಡಿದಳು.

“ಹೇಳವ ನೀಲವ್ವ. ನೆಗಡಿ ಹೋತಿಲ್ಲೋ ಇನ್ನರ?”

ಕಾಕಿ ಕಣ್ಣು ಮುಚ್ಚಿ ಶುರು ಮಾಡಿದಳು. ಉದ್ದಾದ. ಕದ್ದಳು. ಕೆಂಪಾದ ಬ್ಯಾಡಗಿ ಮೆಣಸಿನಕಾಯಿ. ಯಾರಿಗೂ ಗೊತ್ತಾಗಲಿಲ್ಲ, ಯಾರೋ ‘ಭಲೇ’ ಎಂದರು. ನನಗೆ ಕುಣಿಯಬೇಕೆನಿಸಿತು, ಅವ್ವನ ಸೆರಗು ಹಿಡಿದು ನಿಂತೆ. ಬಿಸಿಯಾದ. ಕದ್ದಳು. ಬಿರುಸಾದ ನಮ್ಮತ್ತಿ ಬಾಯಿ. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಆಯಿಯ ಅಕ್ಕಿಯ ಮುಷ್ಟಿ ಗಾಳಿಯಲ್ಲಿ ನಿಂತಿತು, ಆಮೇಲೆ ಉಡಿಗೆ ಬಿತ್ತು. ಎರಡೂ ತಡಕೊಂಡು ನಗತಾರ ನೋಡ. ಎತ್ತರದ. ಇಲ್ಲಿ ಕಾಕಿ ಕದಿಯಲು ಹೋದಳು, ಸಿಕ್ಕಲಿಲ್ಲ. ಮೆತ್ತನ್ನ ಎಂದಳು, ಅದೂ ಗಾಳಿಯಲ್ಲೇ ಹೋಯಿತು. ಆಮೇಲೆ ಏನೂ ಇಲ್ಲ. ಬಾಯಿ ತೆರೆದಿತ್ತು, ಎದೆ ಮೇಲೇಳುತ್ತಿತ್ತು, ಹೆಸರು ಬರಲಿಲ್ಲ. ಗ್ವಾದಲಿಯಲ್ಲಿ ಎತ್ತು ಮೆಲುಕು ಹಾಕುವುದು ಕೇಳುತ್ತಿತ್ತು, ಅದರ ಜತೆಗೆ ಆ ಪೀಪಿಯ ಸಪ್ಪಳವೂ ನನಗೆ ಕೇಳುತ್ತಿತ್ತು. ಕಲ್ಲವ್ವ ‘ಮುರೀ’ ಎನ್ನುವಷ್ಟರಲ್ಲಿ ಆಯಿ ಕೊಬ್ಬರಿ ಬಟ್ಟಲು ಹಿಡಿದ ಕೈಯನ್ನು ಮೇಲೆತ್ತಿದಳು.

“ಸುಮ್ನಿರ ಕಲ್ಲಿ. ಆ ಹೆಸರಿನ ಮುಂದ ನಾನೂ ನಿಂತೇನಿ. ಈ ಮನಿಗೆ ಬಂದಾಗಿಂದ ನಿಂತೇನಿ, ಇನ್ನೂ ದಾಟಿಲ್ಲ. ಆಕಿ ಒಂದ ಗಳಿಗಿ ನಿಂತ್ರ ನಿಮ್ಮಪ್ಪನ ಗಂಟೇನ ಹೋಗತೈತಿ?”

ಪಡಸಾಲೆಯೆಲ್ಲ ನಕ್ಕಿತು. ನಾಚಿಕೆ ಬಂದೈತಿ ಬಿಡ್ರಿ, ಗಂಡನ ಹೆಸರಲ್ಲೇನು ಎಂದರು. ಆ ನಗೆಯ ಮರೆಯಲ್ಲಿ ಕಾಕಿಗೆ ಉಸಿರು ಸಿಕ್ಕಿತು. ತಲೆ ಎತ್ತಿ, ಆಯಿಯ ಮುಖ ನೋಡಿಯೇ, ‘ಗುರಪ್ಪ’ ಎಂದಳು. ಹೊರಗೆ ಕಟ್ಟೆಯ ಮೇಲೆ ಕಾಕಾ ಕೂತಿದ್ದ, ಅವನ ನಗು ಒಳಗೆ ಕೇಳಿತು.

ಗೆದ್ದೆವು ಎಂದುಕೊಂಡು ನಾನು ಕಡಬು ತಿನ್ನಲು ಅಡುಗೆಮನೆಗೆ ಓಡಿದೆ. ಅಲ್ಲಿ ಒಲೆಯ ಮುಂದೆ ಆಯಿ ಮತ್ತು ಕಾಕಿಯ ತಾಯಿ ಎದುರುಬದುರು ನಿಂತಿದ್ದರು.

“ಎದ್ಯಾಗ ಪೀಪಿ ಇಟ್ಟು ಕೊಟ್ಟೀರಿ ಬೀಗತಿ, ಹೇಳಲಿಲ್ಲ.”

“ಹೇಳಿದ್ರ ಮಾಡ್ಕೋತಿದ್ರೇನ್ರಿ?”

“ಮಾಡ್ಕೋತಿದ್ದಿಲ್ಲ.”

“ಅದಕ್ಕ ಹೇಳಲಿಲ್ರಿ.”

ಆಯಿ ಹಾಲಿನ ಪಾತ್ರೆ ಇಳಿಸಿದಳು.

“ಖರೇ ಹೇಳಿದ್ರಿ. ಆದ್ರ ಮೋಸ ಮೋಸನ. ನಿಮ್ಮ ಮನ್ಯಾಗ ನಾ ಇನ್ನ ಒಂದ ತುತ್ತು ಉಣ್ಣೂದಿಲ್ಲ.”

ಆಯಿ ಆ ಮಾತು ನಡೆಸಿದಳು. ಸಾಯುವವರೆಗೂ ರಾಮದುರ್ಗಕ್ಕೆ ಹೋದಾಗ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದಳು, ಬೀಗರ ಪಡಸಾಲೆಯಲ್ಲಿ ಕೂತು ತನ್ನ ರೊಟ್ಟಿ ತಾನು ಬಿಚ್ಚುತ್ತಿದ್ದಳು. ಆದರೆ ಆ ದಿನ ನಮಗಿದ್ದ ಚಿಂತೆ ಬೇರೆ. ಕುಬಸ ಮುಗಿಸಿ ಕಾಕಿ ಹೆರಿಗೆಗೆ ತಾಯಿಯ ಜತೆ ಹೊರಟಳು. ಹೆತ್ತ ಮೇಲೆ ಕರೆಯಲು ನಮ್ಮ ಕಡೆಯಿಂದ ಗಾಡಿ ಹೋಗಬೇಕು. ಗಾಡಿ ಹೋಗದಿದ್ದರೆ ಅವಳು ಅಲ್ಲೇ ಉಳಿದಳು ಎಂದರ್ಥ, ಹೆಚ್ಚಿಗೆ ಮಾತೇ ಬೇಡ. ಕಾಕಿ ಗಾಡಿ ಹತ್ತುವಾಗ ಆಯಿಯ ಕಾಲು ಮುಟ್ಟಿದಳು. ಆಯಿ ಸೆರಗು ಸರಿಮಾಡಿಕೊಂಡು ಹಿಂದೆ ಸರಿದಳು. ಗಾಡಿ ತಿರುವಿನಲ್ಲಿ ಮರೆಯಾಯಿತು, ನಾನು ಕಟ್ಟೆಯ ಮೇಲೆ ಕೂತು ಜೋರಾಗಿ ಅತ್ತೆ, ಆಯಿಗೆ ಕೇಳಲಿ ಎಂದೇ ಅತ್ತೆ. ‘ಎಮ್ಮಿ ಒದರಿಧಾಂಗ ಒದರಬ್ಯಾಡ’ ಎಂದು ಬೈದು ಒಳಗೆ ಹೋದಳು.

ಹುಡುಗಿ ಹುಟ್ಟಿದ ಸುದ್ದಿ ಬಂತು. ಆಯಿ ಸಕ್ಕರೆ ಹಂಚಿದಳು, ಗಾಡಿಯ ಮಾತೆತ್ತಲಿಲ್ಲ. ಕಾಕಾ ನಗುವುದನ್ನು ಬಿಟ್ಟ. ಆಮೇಲೆ ಒಂದು ಮುಂಜಾನೆ ಪಡಸಾಲೆಯಲ್ಲಿ ಧಡಧಡ ಸಪ್ಪಳ ಕೇಳಿ ಎದ್ದು ಬಂದರೆ, ಆಯಿ ಹಾರೆ ಹಿಡಿದ ಆಳುಗಳನ್ನು ನಿಲ್ಲಿಸಿಕೊಂಡು ಒಳಕಲ್ಲನ್ನು ಅಗೆಸುತ್ತಿದ್ದಳು. ತಲೆಮಾರುಗಳಿಂದ ಹೂತಿದ್ದ ಕಲ್ಲು. ಹಗ್ಗ ಕಟ್ಟಿ ಎತ್ತು ಹೂಡಿ ಎಳೆದರು. ಹೊಸ್ತಿಲು ಒಂದು ಕಡೆ ಒಡೆಯಿತು, ಪಡಸಾಲೆಯ ಮಧ್ಯೆ ಕಾಳು ತುಂಬುವ ಹಗೇವಿನಂಥ ಕುಣಿ ಬಿತ್ತು. ಹಿತ್ತಲಿನ ಆ ತುದಿಗೆ, ಗಾಳಿ ಆಚೆ ಬೀಸುವ ಕಡೆ, ತಗಡಿನ ಚಪ್ಪರ ಹಾಕಿ ಅಲ್ಲಿ ಕಲ್ಲು ಹೂಳಿಸಿದಳು. ಅಜ್ಜ ಕಟ್ಟೆ ಬಿಟ್ಟು ಒಳಗೆ ಬಂದ, ಅದೇ ದೊಡ್ಡ ಸುದ್ದಿ.

“ಏನ ಹುಚ್ಚ ಹಿಡದೈತಿ ನಿನಗ? ನಮ್ಮಪ್ಪನ ಕಾಲದ ಕಲ್ಲದು.”

“ಸೀನು ಬರತೈತ್ರಿ ನನಗ,” ಎಂದಳು ಆಯಿ.

ಮದುವೆಯಾಗಿ ಬಂದಾಗಿನಿಂದ ಖಾರದ ಪುಡಿಯಲ್ಲಿ ಮುಳುಗಿದ್ದ ಹೆಂಗಸು ಒಂದು ದಿನವೂ ಸೀನಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಗೋಡೆಗೆ ಸುಣ್ಣ ಬಳಿಸಿದಳು, ತೊಲೆ ತೊಳೆಸಿದಳು. ಎಲ್ಲ ಮುಗಿದ ಮೇಲೆ ಮಗನನ್ನು ಕರೆದಳು.

“ಸಣ್ಣಾ, ಗಾಡಿ ಹೂಡ. ಬಾಣಂತಿ ಅದಾಳ, ಹುಲ್ಲ ದಪ್ಪಗ ಹಾಸ.”

ನಾನೂ ಗಾಡಿ ಹತ್ತಿದೆ, ಯಾರನ್ನೂ ಕೇಳಲಿಲ್ಲ. ರಾಮದುರ್ಗದವರೆಗೂ ಕಾಕಾ ಒಡಪನ್ನು ಹಾಡಿದ ಹಾಗೆ ಹೇಳುತ್ತ ಎತ್ತು ಹೊಡೆದ. ನಿಲ್ಲಬಾರದ ಜಾಗದಲ್ಲೆಲ್ಲ ನಿಲ್ಲುತ್ತಿದ್ದ, ನಾನು ತಿದ್ದುತ್ತಿದ್ದೆ. ಕಾಕಿ ಬಂದಳು, ಇದ್ದಳು, ದಮ್ಮಿನ ಜತೆಗೇ ಮುಪ್ಪಾದಳು. ಹಿತ್ತಲಿನ ಕಲ್ಲಿನ ಹತ್ತಿರ ಅವಳನ್ನು ಆಯಿ ಬಿಟ್ಟುಕೊಳ್ಳಲಿಲ್ಲ. ಹಾಲು, ಮಜ್ಜಿಗೆ, ಮಕ್ಕಳ ಜಡೆ ಅವಳ ಪಾಲಿಗೆ ಬಂದವು. ಓಣಿಯ ಹೆಣ್ಣುಮಕ್ಕಳಿಗೆ ಒಡಪು ಕಟ್ಟಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಸಾಲಿ ಬಿಟ್ಟ ಮೇಲೂ ನಾನು ಕಲಿತದ್ದು ಅದರಲ್ಲೇ. ಯಾವ ಮಾತು ಯಾವುದಕ್ಕೆ ಅಂಟಿದೆ, ಯಾವುದು ಓರಗೆಯದು ಎಂದು ತೂಗಿ ನೋಡುವ ಚಟ ಹತ್ತಿತು. ಮನುಷ್ಯರನ್ನೂ ಹಾಗೇ ನೋಡುತ್ತೇನೆ, ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಇಷ್ಟು ಬರೆದು ನಿನ್ನೆ ಸೃಷ್ಟಿಯ ಕೈಗೆ ಓದಲು ಕೊಟ್ಟೆ. ಓದುವುದಕ್ಕಿಂತ ತಪ್ಪು ಹುಡುಕುವುದರಲ್ಲಿ ಅವಳಿಗೆ ಹುರುಪು. ಕೊನೆಗೆ ನಾನು ಒಂದು ಸಾಲು ಬರೆದಿದ್ದೆ: ‘ತೆಳ್ಳನ್ನ, ಹಟದ, ನಗದ, ನೀಲವ್ವ ನಮ್ಮ ಮನೆಗೆ ಬಂದದ್ದು ಹೀಗೆ.’ ಅವಳು ಪೆನ್ಸಿಲ್ ತೆಗೆದು ಅಲ್ಲಿ ಗುಂಡಗೆ ಗೀಟು ಹಾಕಿದಳು.

“ಅಜ್ಜಿ, ನೀನ ಹೇಳಿದೆಲ್ಲ, ಹೆಸರಿನ ಮುಂದ ಜಾಗ ಇಲ್ಲಂತ. ಕಡೀ ಕಾಮಾ ತಪ್ಪು.”

“ಗೊತ್ತೈತಿ.”

“ನಮ್ಮ ಟೀಚರ್ ಇದ್ರ ಅರ್ಧ ಮಾರ್ಕ್ ಹೊಡೀತಿದ್ರು.”

“ಹೊಡೀಲಿ. ನಮ್ಮ ಕಾಕಿಗೆ ಅಲ್ಲಿ ಉಸಿರು ಬೇಕು.”

ಸೃಷ್ಟಿ ರಬ್ಬರು ತೆಗೆದು, ಕಾಮಾವನ್ನು ಬಿಟ್ಟು, ತಾನು ಹಾಕಿದ ಗೀಟನ್ನು ಅಳಿಸಿದಳು.